ನೀಲಿ ಅಂಚಿನ ಕರವಸ್ತ್ರ

ಮನೆಯಿಂದ,
ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ

ಪ್ರೀತಿಯ ತಮ್ಮನಿಗೆ,

ಅಕ್ಕನ ಆಶೀರ್ವಾದಗಳು. ಹೇಗಿದ್ದೀಯಪ್ಪ? ನಿದ್ದೆ ಸರಿಯಾಗಿ ಮಾಡುತ್ತಿದ್ದೀಯಾ? ರಾತ್ರಿ ಪಾಳಿ ಮುಗಿಸಿ ಬಂದು ಬರಿಹೊಟ್ಟೆಯಲ್ಲಿ ಮಲಗುವ ಚಾಳಿ ಬಿಟ್ಟೆಯಾ, ಇಲ್ಲ ಇನ್ನೂ ಹಾಗೇ ಇದೆಯಾ? ಕಣ್ಣು, ಬೆನ್ನು, ಕೈ ಎಲ್ಲ ಚೆನ್ನಾಗಿವೆಯಾ? ಕೈ ಹೇಗಿವೆ ಎಂದು ಇನ್ನೊಮ್ಮೆ ಕೇಳಿದ್ದೇನೆ ಎಂದುಕೋ. ಫೋನಿನಲ್ಲಿ ಕೇಳಿದರೆ "ಹೂಂ ಅಕ್ಕ, ಸರಿ ಅಕ್ಕ, ಇಡ್ತೀನಿ ಅಕ್ಕ" ಎಂದು ಮುಗಿಸಿಬಿಡುತ್ತೀಯ. ಅದಕ್ಕೇ ಕಾಗದ ಬರೆಯಲು ಕೂತಿದ್ದೇನೆ. ಪಕ್ಕದ ಮನೆಯ ಲಾರಿ ಡ್ರೈವರ್ ಸಂಜೆ ನಿಮ್ಮ ಕಡೆಗೇ ಲೋಡು ಒಯ್ಯುತ್ತಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ಕೊನೆಯ ಸಾಲಿನವರೆಗೆ ಓದು. ನನ್ನ ಸಹಿ ಕಂಡ ಕೂಡಲೇ ಮಡಚಿ ದಿಂಬಿನ ಕೆಳಗೆ ತುರುಕಬೇಡ.

ಅಮ್ಮ ಎದುರಿಗೇ ಕಿಟಕಿಯ ಬಳಿ ಕೂತು ಹೊಲಿಯುತ್ತಿದ್ದಾಳೆ. ಕಣ್ಣಿನ ಮಂಜು ಇನ್ನೂ ಹೆಚ್ಚಾಗಿದೆ. ಆಪರೇಷನ್ ಎಂದರೆ "ಮುಂದಿನ ತಿಂಗಳು ನೋಡೋಣ" ಎನ್ನುತ್ತಾಳೆ, ಆ ಮುಂದಿನ ತಿಂಗಳು ಯಾವ ಕ್ಯಾಲೆಂಡರಿನಲ್ಲಿದೆಯೋ ನಾನು ಕಾಣೆ. ಸೂಜಿಗೆ ದಾರ ನಾನು ಪೋಣಿಸಿ ಕೊಡಬೇಕು, ಆಮೇಲೆ ಹೊಲಿಗೆ ಬೆರಳಿನ ಅಂದಾಜಿನಲ್ಲೇ ನೆಟ್ಟಗೆ ಓಡುತ್ತದೆ. ಬರೆದು ಮುಗಿದ ಮೇಲೆ ಅಷ್ಟನ್ನೂ ಓದಿ ಹೇಳಬೇಕೆಂದು ಅಪ್ಪಣೆಯಾಗಿದೆ. "ಜಾಸ್ತಿ ಬೈಬೇಡ ಅವನಿಗೆ, ದೂರ ಇರೋ ಮಗು" ಎಂದು ನಾನು ಪೆನ್ನಿನ ಮುಚ್ಚಳ ತೆಗೆಯುವ ಮೊದಲೇ ಹೇಳಿಯಾಯಿತು. ಮಗುವಿಗೆ ಮೀಸೆ ಬಂದು ಯಾವ ಕಾಲವಾಯಿತೋ.

ನಿನ್ನ ಫೋಟೋ ತಲುಪಿತು. ಫೋನಿನಲ್ಲಿ ತೋರಿಸಿದರೆ ಅಮ್ಮನಿಗೆ ಕಾಣುವುದಿಲ್ಲವಲ್ಲ, ಹಾಗಾಗಿ ನನ್ನನ್ನು ಸ್ಟುಡಿಯೋಗೆ ಅಟ್ಟಿ ದೊಡ್ಡದು ಮಾಡಿಸಿಕೊಂಡಳು. ಈಗ ಅದು ಗೋಡೆಯ ಗೂಡಿನಲ್ಲಿ, ಅಪ್ಪನ ಫೋಟೋ ಪಕ್ಕ, ಕೆಟ್ಟುಹೋದ ರೇಡಿಯೋಗೆ ಒರಗಿ ನಿಂತಿದೆ. ಹೊಸ ಟೋಪಿ ಹಾಕಿಕೊಂಡು, ಎದೆ ಉಬ್ಬಿಸಿ, ಆಳೆತ್ತರದ ಮಷೀನಿನ ಪಕ್ಕ ನೀನು ನಿಂತ ಗತ್ತು ನೋಡಿದರೆ ಆ ಫ್ಯಾಕ್ಟರಿ ನಿನ್ನ ಮಾವನ ಮನೆಯದೇನೋ ಎನ್ನಬೇಕು. ಬಂದವರಿಗೆಲ್ಲ ಅಮ್ಮ ಅದನ್ನು ತೋರಿಸುತ್ತಾಳೆ. ಹಾಲಿನವನಿಗೆ ತೋರಿಸಿದಳು, ಮೀಟರ್ ಓದುವವನಿಗೆ ತೋರಿಸಿದಳು, ಮನೆ ತಪ್ಪಿ ನಮ್ಮ ಬಾಗಿಲು ತಟ್ಟಿದ ಯಾರೋ ಪಾಪದವನನ್ನೂ ಕೂರಿಸಿ ತೋರಿಸಿದಳು. ನಿನ್ನ ಮುಖಕ್ಕಿಂತ ಹೆಚ್ಚಾಗಿ ಅವಳಿಗೆ ಖುಷಿ ಕೊಟ್ಟದ್ದು ನಿನ್ನ ಪಕ್ಕ ಮಷೀನಿಗೆ ಸುತ್ತಿರುವ ನೀಲಿ ಅಂಚಿನ ಕರವಸ್ತ್ರ. ರಜೆ ಮುಗಿಸಿ ನೀನು ಹೊರಟ ದಿನ ತಾನು ಹೊಲಿದು ಕೊಟ್ಟದ್ದು ಎಂದು ಆ ಮಂಜುಗಣ್ಣಿನಲ್ಲೂ ಒಂದೇ ನೋಟಕ್ಕೆ ಗುರುತು ಹಿಡಿದಳು. "ನೋಡೇ, ನಾನು ಕೊಟ್ಟಿದ್ದನ್ನ ಕೆಲಸದ ಜಾಗದಲ್ಲೂ ಕಣ್ಣೆದುರಿಗೇ ಕಟ್ಕೊಂಡಿದಾನೆ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಈಗ ಹೊಲಿಯುತ್ತಿರುವುದೂ ಅಂಥವೇ ಎರಡು. ಈ ಕಾಗದದ ಜೊತೆಗೇ ಕಳಿಸಬೇಕಂತೆ.

ನನ್ನ ಸಮಾಚಾರ ಏನೆಂದು ಬರೆಯಲಿ? ಅದೇ ತರಬೇತಿ ಕೇಂದ್ರ, ಅದೇ ಶೆಡ್ಡು, ಅದೇ ಸೋಪಿನ ಡಬ್ಬಿ. ಮಕ್ಕಳು ಬದಲಾಗುತ್ತಾರೆ, ನಾನು ಹೇಳಿದ್ದನ್ನೇ ಹೇಳುತ್ತೇನೆ. ಕೂದಲು ಕಟ್ಟಿ, ತೂಗಾಡುವ ಬಟ್ಟೆ ಬೇಡ. ಕನ್ನಡಕ ಹಣೆಯ ಮೇಲಲ್ಲ, ಕಣ್ಣಿನ ಮೇಲೆ. ಪ್ಲಾಸ್ಟಿಕ್ ಕಾಳು ಒಣಗಿದೆಯಾ ನೋಡಿ ಆಮೇಲೆ ಸುರಿಯಿರಿ, ತೇವ ಇದ್ದರೆ ಒಳಗೆ ಆವಿಯಾಗಿ ಕಾದ ಪ್ಲಾಸ್ಟಿಕ್ಕನ್ನು ಹೊರಗೆ ಉಗುಳುತ್ತದೆ. ಅದು ಬರುವ ಮೂತಿಯ ಎದುರಿಗೆ ಮುಖ ಹಿಡಿಯಬೇಡಿ. ಹೀಟರ್ ಏರಿಸಿ ಹರಟೆಗೆ ಕೂರಬೇಡಿ, ಸುಟ್ಟ ಹೊಗೆ ಎದೆಗೆ ಒಳ್ಳೆಯದಲ್ಲ, ಕಿಟಕಿ ತೆಗೆಯಿರಿ, ಫ್ಯಾನು ಹಾಕಿ. ಅಚ್ಚಿಗೆ ಅಂಟಿದ ಡಬ್ಬಿಯನ್ನು ಹಿತ್ತಾಳೆ ಕಡ್ಡಿಯಿಂದ ಎಬ್ಬಿಸಿ, ಬೆರಳು ಹಾಕಬೇಡಿ. ಅಂಚಿನಲ್ಲಿ ಉಳಿದ ಪೊರೆ ಕೆತ್ತುವಾಗ ಚಾಕು ನಿಮ್ಮಿಂದ ಆಚೆಗೆ ಹೋಗಲಿ. ಹೇಳಿ ಹೇಳಿ ಗಂಟಲು ಒಣಗಿದೆ. ಮೊನ್ನೆ ನಿದ್ದೆಯಲ್ಲೂ "ಕನ್ನಡಕ, ಕನ್ನಡಕ" ಎಂದೆನಂತೆ. ಬೆಳಿಗ್ಗೆ ಎದ್ದು ನೋಡಿದರೆ ಅಮ್ಮ ನನ್ನ ಓದುವ ಕನ್ನಡಕ ಹುಡುಕಿ ತಂದು ತಲೆದಿಂಬಿನ ಬಳಿ ಇಟ್ಟಿದ್ದಳು. ದಿನವಿಡೀ ನಿಂತು ನಿಂತು ಸಂಜೆ ಚಪ್ಪಲಿಗೆ ಕಾಲು ಹಿಡಿಸುವುದಿಲ್ಲ. ಮನೆಗೆ ಬಂದರೆ ಯಾರೊಡನೆಯೂ ಮಾತು ಬೇಡ ಅನ್ನಿಸುತ್ತದೆ.

ಎರಡು ಗುಂಡಿಯ ಪಾಠವನ್ನು ಮಾತ್ರ ನಾನು ಬರೀ ಬಾಯಲ್ಲಿ ಹೇಳಿ ಬಿಡುವುದಿಲ್ಲ, ನಿನಗೆ ನೆನಪಿರಬೇಕು. ಮಷೀನಿನ ಎಡಕ್ಕೊಂದು, ಬಲಕ್ಕೊಂದು ಗುಂಡಿ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚಿನ ಎರಡು ಹೋಳು ಬಂದು ಮುಚ್ಚಿಕೊಳ್ಳುತ್ತವೆ. ಎರಡು ಕೈಯೂ ಗುಂಡಿಯ ಮೇಲಿದ್ದರೆ ಒಳಗೆ ಸಿಕ್ಕಿಕೊಳ್ಳಲು ಮೂರನೆಯ ಕೈ ಯಾರಿಗೂ ಇಲ್ಲ, ಅಷ್ಟೇ ಅದರ ಗುಟ್ಟು. ಮೊದಲ ದಿನ ಹೀಟರ್ ಹಾಕದೆ, ಅಚ್ಚಿನ ನಡುವೆ ಹೊಸ ಸೀಮೆಸುಣ್ಣದ ಕಡ್ಡಿ ನಿಲ್ಲಿಸಿ, ಎರಡೂ ಗುಂಡಿ ಒತ್ತುತ್ತೇನೆ. ಸದ್ದೇನೂ ದೊಡ್ಡದಾಗಿ ಬರುವುದಿಲ್ಲ. ಅಚ್ಚು ತೆರೆದಾಗ ಕಡ್ಡಿಯ ಜಾಗದಲ್ಲಿ ಬಿಳಿ ಪುಡಿ ಇರುತ್ತದೆ. ಮಷೀನು ಆರಿಸಿ, ಆ ಪುಡಿಯನ್ನು ಕಾಗದಕ್ಕೆ ಗುಡಿಸಿ ಹಿಡಿಯುತ್ತೇನೆ, ಒಬ್ಬೊಬ್ಬರೂ ಬಂದು ಬೆರಳಿನಿಂದ ಮುಟ್ಟಿ ಹೋಗಬೇಕು. ನಿನ್ನ ಬ್ಯಾಚಿನ ದಿನ ನೀನು ಆ ಪುಡಿಯನ್ನು ಪಕ್ಕದವನ ಮೂಗಿಗೆ ಬಳಿದೆ, ನಾನು ಹೊರಗೆ ನಿಲ್ಲಿಸಿದೆ. ಸಂಜೆ ಮನೆಗೆ ಬಂದು "ನಮ್ಮ ಮೇಡಂ ಸರಿ ಇಲ್ಲಮ್ಮ" ಎಂದು ಅಮ್ಮನ ಹತ್ತಿರ ನನ್ನ ಮೇಲೇ ಚಾಡಿ ಹೇಳಿದೆ. ಶೆಡ್ಡಿನಲ್ಲಿ ಮೇಡಂ, ಮನೆಯಲ್ಲಿ ಅಕ್ಕ, ಎರಡೂ ಕಡೆ ಒಬ್ಬಳಿಂದಲೇ ಬೈಸಿಕೊಂಡವನು ನೀನು.

ಬೈದವಳೂ ನಾನೇ, ಎತ್ತಿ ಆಡಿಸಿದವಳೂ ನಾನೇ. ಅಕ್ಷರ ಕಲಿಸಲು ಕೂತಾಗ ನೀನು ಎಡಚ, ನಾನು ಬಲಗೈಯವಳು. ಪಕ್ಕದಲ್ಲಿ ಕೂತು ಕೈ ಹಿಡಿದು ಬರೆಸಲು ಹೋದರೆ ಇಬ್ಬರ ಮೊಣಕೈಯೂ ಗುದ್ದಾಡುತ್ತಿದ್ದವು. ಕೊನೆಗೆ ನಾನೇ ಸೋತು, ಎಡಗೈಯಲ್ಲಿ ಬರೆಯುವುದನ್ನು ಕಲಿತು, ಆಮೇಲೆ ನಿನಗೆ ಕಲಿಸಿದೆ. ನಿನ್ನ ಬೆರಳು ನನ್ನ ಬೆರಳಿನೊಳಗೆ ಬೆವರಿ ಜಾರುತ್ತಿದ್ದದ್ದು ಈಗಲೂ ನೆನಪಿದೆ. ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೋ, ಸುಸ್ತಾದಾಗ ಹಳೆಯದೆಲ್ಲ ನೆನಪಾಗುತ್ತದೆ.

ಈ ಸಲದ ಬ್ಯಾಚಿನಲ್ಲಿ ಒಬ್ಬಳಿದ್ದಾಳೆ, ಅವಳನ್ನು ನಾನು ಗಿರಗಿಟ್ಲೆ ಎನ್ನುತ್ತೇನೆ. ರಜೆಗೆ ಬಂದಾಗ ನೀನೂ ನೋಡಿದ್ದೀಯ, ಉದ್ದ ಜಡೆ, ಕೆಂಪು ರಿಬ್ಬನ್ನು, ನಿಂತಲ್ಲಿ ನಿಲ್ಲದವಳು. ಮನೆಯಲ್ಲಿ ತಂದೆ ಹಾಸಿಗೆ ಹಿಡಿದಿದ್ದಾರೆ. ಕೋರ್ಸು ಮುಗಿದ ಮಾರನೆಯ ದಿನವೇ ಕೆಲಸ ಸಿಗಬೇಕು ಎಂಬ ಅವಸರ ಅವಳದು. ಚುರುಕು ಅಂದರೆ ಚುರುಕು, ಅವಳು ತೆಗೆದ ಡಬ್ಬಿಗೆ ಮುಚ್ಚಳ ಟಕ್ಕೆಂದು ಕೂರುತ್ತದೆ. ನೀನು ಶೆಡ್ಡಿಗೆ ಬಂದು ಮಕ್ಕಳ ಮುಂದೆ ಮಾತಾಡಿದೆಯಲ್ಲ, ಅವತ್ತಿನಿಂದ ಅವಳಿಗೆ ದೊಡ್ಡ ಫ್ಯಾಕ್ಟರಿಯದೇ ಜಪ. ಅವತ್ತು ನಾನೂ ಹಿಗ್ಗಿ ಹೀರೇಕಾಯಿಯಾಗಿದ್ದೆ. ನನ್ನ ಕೈಯಲ್ಲೇ ಕಲಿತವನು, ನನ್ನ ತಮ್ಮ ಎಂದು ನಿನ್ನನ್ನು ಮುಂದೆ ನಿಲ್ಲಿಸಿದೆ. ಅಷ್ಟರಲ್ಲಿ ಆಫೀಸಿನಿಂದ ಕರೆ ಬಂತೆಂದು ಹೋದೆ. ತಿರುಗಿ ಬಂದಾಗ ಎಲ್ಲರೂ ನಿನ್ನನ್ನು ಮಷೀನಿನ ಬಳಿ ಮುತ್ತಿಕೊಂಡು ನಗುತ್ತಿದ್ದರು. ನನ್ನ ಪಾಠಕ್ಕೆ ಯಾರೂ ಹಾಗೆ ನಕ್ಕಿದ್ದಿಲ್ಲ ಎಂದು ಸಣ್ಣಗೆ ಹೊಟ್ಟೆಕಿಚ್ಚೂ ಆಯಿತು.

ಹೋದ ವಾರ ನಮ್ಮ ಪ್ರಾಂಶುಪಾಲರಿಗೆ ಹೊಸ ಹುರುಪು ಬಂತು. ಮಕ್ಕಳು ಅವರಿಗೆ ಗಡಿಯಾರ ಎಂದು ಹೆಸರಿಟ್ಟಿದ್ದಾರೆ, ಮಾತಾಡುವಾಗಲೂ ಎದುರಿಗಿರುವವರ ಮುಖ ಬಿಟ್ಟು ಗೋಡೆಯ ಗಡಿಯಾರ ನೋಡುತ್ತಾರೆ. ಶುಕ್ರವಾರ ಅತಿಥಿಗಳು ಬರುತ್ತಾರೆ, ಪ್ರತಿಯೊಬ್ಬರ ಕೈಗೂ ಮಕ್ಕಳೇ ಮಾಡಿದ ಸೋಪಿನ ಡಬ್ಬಿ ಕೊಡಬೇಕು ಎಂದರು. ಅಚ್ಚಿನೊಳಗೆ ಡಬ್ಬಿ ತಣಿಯದೆ ತೆಗೆದರೆ ಸೊಟ್ಟಗಾಗುತ್ತದೆ, ಅಷ್ಟು ಬೇಗ ಅಷ್ಟೊಂದು ಆಗುವುದಿಲ್ಲ ಎಂದೆ. "ಮಾಡೋ ಮನಸ್ಸಿದ್ರೆ ಆಗುತ್ತೆ" ಎಂದರು. "ಅತಿಥಿಗಳು ಬರೋ ವಿಷಯ ಪ್ಲಾಸ್ಟಿಕ್ಕಿಗೆ ಗೊತ್ತಿಲ್ವಲ್ಲ ಸರ್" ಎಂದೆ. ನಗಲಿಲ್ಲ, ಗಡಿಯಾರ ನೋಡಿದರು. ನನಗೆ ಗೊತ್ತಾಗದ ಹಾಗೆ ಮಕ್ಕಳನ್ನು ಬೇರೆ ಕರೆಸಿ, ಹೆಚ್ಚು ಡಬ್ಬಿ ತೆಗೆದವರ ಹೆಸರನ್ನು ಅತಿಥಿಗಳ ಮುಂದೆ ಹೇಳುತ್ತೇನೆ, ಕೆಲಸ ಕೊಡುವವರೂ ಅವರಲ್ಲಿ ಇರುತ್ತಾರೆ ಎಂದು ಆಸೆ ಹಚ್ಚಿದರು.

ಮಷೀನಿನ ಸದ್ದು ನನಗೆ ನಮ್ಮ ಅಡುಗೆಮನೆಯ ಸದ್ದಿದ್ದ ಹಾಗೆ, ತಿರುಗಿ ನೋಡದೆಯೇ ಏನು ನಡೆಯುತ್ತಿದೆ ಎಂದು ತಿಳಿಯುತ್ತದೆ. ಬುಧವಾರ ಮಧ್ಯಾಹ್ನ ನಾನು ಆಚೆ ಬೆಂಚಿನಲ್ಲಿ ಇಬ್ಬರಿಗೆ ಚಾಕು ಹಿಡಿಯುವುದನ್ನು ತೋರಿಸುತ್ತಿದ್ದೆ. ಸದ್ದು ಅವಸರ ಅವಸರವಾಗಿ ಬರುತ್ತಿತ್ತು. ತಿರುಗಿದೆ. ಗಿರಗಿಟ್ಲೆಯ ಜಡೆಯಲ್ಲಿ ರಿಬ್ಬನ್ನು ಇರಲಿಲ್ಲ. ಅದು ಮಷೀನಿನ ಎಡಗಡೆ ಗುಂಡಿಯನ್ನು ಒಳಗೆ ಅದುಮಿ ಬಿಗಿಯಾಗಿ ಸುತ್ತಿಕೊಂಡಿತ್ತು. ಅವಳ ಬಲಗೈ ಬಲಗಡೆ ಗುಂಡಿಯ ಮೇಲಿತ್ತು, ಎಡಗೈ ಅಚ್ಚಿನೊಳಗೆ ಡಬ್ಬಿ ಎಳೆಯುತ್ತಿತ್ತು. ನಾನು ಕೂಗುವಷ್ಟರಲ್ಲಿ ಅಚ್ಚು ಮುಚ್ಚಿಕೊಂಡಿತು. ಅವಳು ಕಿರುಚಿದಳು. ನಾನು ಹೇಗೆ ಓಡಿದೆನೋ, ಮಷೀನು ನಿಲ್ಲಿಸುವ ಕೆಂಪು ಗುಂಡಿ ಹೇಗೆ ಗುದ್ದಿದೆನೋ ಗೊತ್ತಿಲ್ಲ. ನೋಡಿದರೆ ಅವಳು ಎಡಗೈಯನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು, ಬೆರಳು ಐದೂ ಇದ್ದವು. ಕೈಗವಸು ಮಾತ್ರ ಅಚ್ಚಿನ ಬಾಯಿಂದ ತೂಗಾಡುತ್ತಿತ್ತು.

ಆ ಕೈಗವಸುಗಳ ವಿಷಯಕ್ಕೆ ನಾನು ಆಫೀಸಿನವರ ಜೊತೆ ಎಷ್ಟು ಸಲ ಜಗಳವಾಡಿಲ್ಲ ಹೇಳು. ಎಲ್ಲ ದೊಡ್ಡ ಗಂಡಸರ ಅಳತೆಯವು, ಹುಡುಗಿಯರು ಹಾಕಿಕೊಂಡರೆ ಬೆರಳ ತುದಿಯಿಂದಾಚೆ ಖಾಲಿ ತೊಗಲು ಜೋತಾಡುತ್ತದೆ, ಚಿಕ್ಕವು ತರಿಸಿ ಎಂದರೆ ಇವತ್ತಿಗೂ ತರಿಸಿಲ್ಲ. ಅಚ್ಚು ಕಚ್ಚಿದ್ದು ಆ ಖಾಲಿ ತೊಗಲನ್ನು. ತೆಗೆದು ನೋಡಿದರೆ ತುದಿ ಕಾಗದದಷ್ಟು ತೆಳ್ಳಗಾಗಿತ್ತು. ಆಫೀಸಿನವರ ಸೋಮಾರಿತನಕ್ಕೆ ಮೊದಲ ಸಲ ಮನಸ್ಸಿನಲ್ಲೇ ಕೈಮುಗಿದೆ.

ಅವಳನ್ನು ಕೂರಿಸಿ, ನಾನೂ ಪಕ್ಕದಲ್ಲಿ ನೆಲದ ಮೇಲೆ ಕೂತೆ. ನೀರು ಕುಡಿಸಿ, ಯಾಕಮ್ಮಾ ಹೀಗೆ ಮಾಡಿದೆ ಎಂದು ಕೇಳಿದೆ. "ಒಂದು ಕೈ ಬಿಡುವಾಗಿದ್ರೆ ಬೇಗ ಆಗುತ್ತೆ ಮೇಡಂ. ದೊಡ್ಡ ಫ್ಯಾಕ್ಟರೀಲಿ ಎಲ್ಲಾರೂ ಹೀಗೇ ಮಾಡ್ತಾರೆ" ಎಂದಳು. ಯಾರು ಹೇಳಿದರು ಎಂದರೆ ಬಾಯಿ ಬಿಡಲಿಲ್ಲ. ನನಗೆ ರೇಗಿತು. "ನನ್ನ ತಮ್ಮ ಇದಾನೆ ದೊಡ್ಡ ಫ್ಯಾಕ್ಟರೀಲಿ. ಅವನು ಒಂದು ದಿನ ಹೀಗೆ ಮಾಡಿದಾನೆ ಅಂತ ಹೇಳು ನೋಡೋಣ, ನಾನು ಈ ಕೆಲಸಾನೇ ಬಿಡ್ತೀನಿ" ಎಂದೆ. ಅವಳು ತಲೆ ತಗ್ಗಿಸಿದಳು. ಹಿಂದೆ ನಿಂತಿದ್ದವರೂ ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು.

ಮಷೀನಿನ ಫ್ಯೂಸು ಕಿತ್ತು ನನ್ನ ಕೈಚೀಲಕ್ಕೆ ಹಾಕಿಕೊಂಡೆ. ಗಡಿಯಾರ ಓಡಿಬಂದರು. ಹುಡುಗಿಗೆ ಏನೂ ಆಗಿಲ್ಲವಲ್ಲ, ಇನ್ನು ಶುರುಮಾಡಿ ಎಂದರು. ಆಗುವುದಿಲ್ಲ ಎಂದೆ. ಅತಿಥಿಗಳಿಗೆ ಏನು ಹೇಳಲಿ ಎಂದರು. "ಡಬ್ಬಿ ಇಲ್ದಿದ್ರೂ ಅವರು ಸ್ನಾನ ಮಾಡಿಯೇ ಬಂದಿರ್ತಾರೆ ಸರ್" ಎಂದೆ. ನಿಮ್ಮ ಮೇಲೆ ಮೇಲಿನವರಿಗೆ ಬರೆಯುತ್ತೇನೆ ಎಂದರು, ಬರೆಯಿರಿ ಎಂದೆ. ಬರೆದರೋ ಬಿಟ್ಟರೋ ಗೊತ್ತಿಲ್ಲ. ಶುಕ್ರವಾರ ಅತಿಥಿಗಳು ಬಂದರು, ಚಹಾ ಕುಡಿದರು, ಹೋದರು. ಸೋಪಿನ ಡಬ್ಬಿಯ ಮಾತನ್ನು ಒಬ್ಬರೂ ಎತ್ತಲಿಲ್ಲ.

ಗುರುವಾರ ಪಾಠಕ್ಕಷ್ಟೇ ಫ್ಯೂಸು ಹಾಕಿ, ಮತ್ತೆ ಮೊದಲ ದಿನದ ಪಾಠದಿಂದ ಶುರುಮಾಡಿದೆ. ಸೀಮೆಸುಣ್ಣವನ್ನು ಅಚ್ಚಿನ ನಡುವೆ ಗಿರಗಿಟ್ಲೆಯ ಕೈಯಿಂದಲೇ ಇಡಿಸಿದೆ. ಪುಡಿಯನ್ನು ಯಾರೂ ಯಾರ ಮೂಗಿಗೂ ಬಳಿಯಲಿಲ್ಲ. ಆದರೂ ಈ ಸಲ ನನಗೆ ಸಾಕಾಗಿದೆ ಕಣೋ. ಇಷ್ಟು ಕಾಲ ಕೂಗಿದ್ದೆಲ್ಲ ಗಾಳಿಗೆ ಹೋಯಿತೇನೋ ಅನ್ನಿಸುತ್ತದೆ. ನನ್ನ ಕೈಯಲ್ಲಿ ಕಲಿತು ಹೋದವರು ಎಲ್ಲೆಲ್ಲಿ ಯಾವ್ಯಾವ ಮಷೀನಿನ ಮುಂದೆ ನಿಂತಿದ್ದಾರೋ, ಅವರ ಕೈ ಎಲ್ಲಿವೆಯೋ ಎಂದು ಯೋಚನೆ ಬಂದರೆ ತುತ್ತು ಇಳಿಯುವುದಿಲ್ಲ.

ಅಮ್ಮನ ಮಂಡಿನೋವು ಹಾಗೇ ಇದೆ, ಎಣ್ಣೆ ಹಚ್ಚುತ್ತಿದ್ದೇನೆ. ನೀನು ದುಡ್ಡು ಹೆಚ್ಚು ಕಳಿಸಬೇಕೆಂದು ಒದ್ದಾಡಬೇಡ, ಇಲ್ಲಿ ನಡೆಯುತ್ತದೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ರೂಮಿನವರಿಗೆಲ್ಲ ಅಮ್ಮ ಕೇಳಿದಳೆಂದು ಹೇಳು. ಹೋದ ಹಾಗೆಯೇ ಇಡಿಯಾಗಿ ಮನೆಗೆ ಬಾ, ಅದೊಂದೇ ನನ್ನ ಹಾರೈಕೆ.

ಎಷ್ಟು ಬೈದರೂ ನಿನ್ನವಳೇ ಆದ,
ಅಕ್ಕ

ತಾ.ಕ.: ಡ್ರೈವರ್ ಆಗಲೇ ಹಾರ್ನ್ ಹೊಡೆಯುತ್ತಿದ್ದಾನೆ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು. ಅಮ್ಮನಿಗೆ ಹೇಳದ ಮಾತು ಮೊದಲು. ಗುರುವಾರ ಪಾಠ ಮುಗಿದು ಎಲ್ಲರೂ ಹೋದ ಮೇಲೆ ಗಿರಗಿಟ್ಲೆ ಒಬ್ಬಳೇ ಬಂದು ನಿಂತಳು. "ಅದನ್ನ ತೋರಿಸಿಕೊಟ್ಟಿದ್ದು ನಿಮ್ಮ ತಮ್ಮನವರೇ ಮೇಡಂ. ಅವತ್ತು ನೀವು ಆಫೀಸಿಗೆ ಹೋಗಿದ್ರಲ್ಲ, ಆವಾಗ" ಎಂದಳು. ನಾನು ನಂಬಲಿಲ್ಲ, ಗದರಿಸಿ ಕಳಿಸಿದೆ. ಮನೆಗೆ ಬಂದರೆ ಗೂಡಿನಲ್ಲಿ ನೀನು ಎದೆ ಉಬ್ಬಿಸಿ ನಿಂತಿದ್ದೆ. ದಿನವೂ ನೋಡುತ್ತಿದ್ದ ಫೋಟೋ. ನಿನ್ನ ಮುಖ ನೋಡಿದ್ದೆ, ಟೋಪಿ ನೋಡಿದ್ದೆ, ಆ ಕರವಸ್ತ್ರ ಯಾವುದಕ್ಕೆ ಕಟ್ಟಿದೆ ಎಂದು ಅಲ್ಲಿಯವರೆಗೆ ನೋಡಿರಲಿಲ್ಲ. ಎಡಗಡೆ ಗುಂಡಿಗೆ ಕಟ್ಟಿ, ಅಚ್ಚಿನೊಳಗೆ ಹಾಕುತ್ತಿರುವುದು ನಿನ್ನ ಎಡಗೈ, ಬರೆಯುವ ಕೈ. ಈ ಕಾಗದ ಓದಿದ ಪಾಳಿಯಲ್ಲೇ ಅದನ್ನು ಬಿಚ್ಚು. ನಿಮ್ಮ ಮೇಸ್ತ್ರಿ ಬಿಚ್ಚಬೇಡ ಎಂದರೆ ಕೆಲಸ ಬಿಟ್ಟು ಬಾ, ನಾನಿದ್ದೇನೆ.

ಇದನ್ನು ಅಮ್ಮನಿಗೆ ತಿಳಿಯದ ಹಾಗೆ ಬರೆದು ಲಕೋಟೆ ಅಂಟಿಸೋಣ ಎಂದುಕೊಂಡಿದ್ದೆ. ಮಷೀನಿನ ಮಾತು ಬಂದರೆ ಅವಳು ತೂಕಡಿಸುತ್ತಾಳೆ ಎಂದು, ಸಹಿಯವರೆಗಿನ ಕಾಗದವನ್ನು ಧೈರ್ಯವಾಗಿ ಓದಿದೆ. ಇವತ್ತು ತೂಕಡಿಸಲಿಲ್ಲ. ಓದಿ ಮುಗಿಸಿದ ಮೇಲೆ, "ಆ ಹುಡುಗಿ ರಿಬ್ಬನ್ನು ಕಟ್ಟಿದ್ದು ಎಡಗಡೆ ಗುಂಡೀಗಾ?" ಎಂದಳು. ಹೌದು ಎಂದೆ. ಎದ್ದು ಹೋಗಿ ಗೂಡಿನಿಂದ ಫೋಟೋ ತಂದು, ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣಿಗೆ ತೀರಾ ಹತ್ತಿರ ತಂದುಕೊಂಡಳು. "ಇದೂ ಅದೇನಾ?" ಎಂದಳು. ನನಗೆ ಸುಳ್ಳು ಹೇಳಲು ನಾಲಗೆ ಹೊರಳಲಿಲ್ಲ. ಅಮ್ಮ ಅಳಲಿಲ್ಲ, ನಿನ್ನನ್ನು ಬೈಯಲೂ ಇಲ್ಲ. ಫೋಟೋವನ್ನು ಗೂಡಿನಲ್ಲಿ ಗೋಡೆಯ ಕಡೆ ಮುಖ ಮಾಡಿ ಇಟ್ಟಳು. ಹೊಲಿದು ಮುಗಿಸಿದ್ದ ಎರಡು ಕರವಸ್ತ್ರಕ್ಕೂ ಕತ್ತರಿ ಹಾಕಿದಳು. ಈಗ ಮತ್ತೆ ಅವುಗಳ ಅಂಚು ಮಡಚಿ ಹೊಲಿಯುತ್ತಿದ್ದಾಳೆ, ಡ್ರೈವರನಿಗೆ ಕಾಯಲು ಹೇಳಿದ್ದಾಳೆ. ಲಕೋಟೆಯಲ್ಲಿ ನಿನಗೆ ಸಿಗುವುದು ಅಂಗೈಯಗಲದ ಎರಡು ತುಂಡು. ಮುಖ ಒರೆಸಿಕೊಳ್ಳಲು ಸಾಕು, ಯಾವುದಕ್ಕೂ ಕಟ್ಟಲು ಸಾಲುವುದಿಲ್ಲ.